ಇಬ್ಬನಿಯ ಮೇಲೆ ಬಳಿದ ಡಾಂಬರು

ನಾಲ್ಕಕ್ಕೆ ಎದ್ದು ಕೊಟ್ಟಿಗೆಯ ಸಗಣಿ ಬಾಚಿ ತಿಪ್ಪೆಗೆ ಹಾಕುವುದು. ಅಂಗಳ ಗುಡಿಸಿ, ನೀರು ಚಿಮುಕಿಸಿ, ಬಾಗಿಲಿಗೆ ಎರಡೆಳೆ ರಂಗೋಲಿ ಎಳೆಯುವುದು. ಬೀದಿ ನಲ್ಲಿಯಲ್ಲಿ ನೀರು ನಿಲ್ಲುವುದರೊಳಗೆ ಎಂಟು ಬಿಂದಿಗೆ ತುಂಬಿ ತರುವುದು. ಹಂಡೆಯೊಲೆಗೆ ಉರಿ ಹಾಕುವುದು. ಹಸುವಿನ ಹಾಲು ಕರೆದು ಡೇರಿಗೆ ಅಳೆದು ಬರುವುದು. ಅತ್ತೆಗೆ ಬಾಯಿ ಮುಕ್ಕಳಿಸಲು ಬಿಸಿನೀರು, ಅದರ ಹಿಂದೆಯೇ ಕಾಫಿ. ಗಂಡನಿಗೆ ಅವನು ಎದ್ದಾಗ ಬೇರೆಯೇ ಕಾಫಿ, ಆರಿದ್ದನ್ನು ಬಿಸಿ ಮಾಡಿ ಕೊಟ್ಟರೆ ಅವನಿಗೆ ನಾಲಗೆಗೆ ಗೊತ್ತಾಗಿಬಿಡುತ್ತದೆ. ಆವತ್ತು ಇವೆಲ್ಲದರ ಜೊತೆಗೆ ಹೊನ್ನೂರಿನ ನೆಂಟರಿಗೆ ಎರಡು ಕೋಳಿ ಸಾರಿಗಾಗುವಷ್ಟು ಮಸಾಲೆ ಅರೆಯುವುದು, ರಾಗಿಹಿಟ್ಟು ಜರಡಿ ಹಿಡಿಯುವುದು. ಮತ್ತೆ, ಪುಟ್ಟಬಸಮ್ಮನ ತೆಪ್ಪಕ್ಕೆ ಡಾಂಬರು ಬಳಿಯುವುದು.

ಕೊನೆಯದನ್ನು ಆ ಮನೆಯಲ್ಲಿ ಯಾರೂ ಶಿವನಂಜಮ್ಮನ ಕೆಲಸ ಎಂದು ಕರೆದವರಲ್ಲ. ಅದು ಅವಳ ಗಂಡ ನಿಂಗರಾಜುವಿನ ಕಸುಬು. ಅವಳು ಕೈ ಸೇರಿಸುತ್ತಾಳೆ, ಅಷ್ಟೇ.

ಸತ್ತೇಗಾಲದ ಆಚೆ, ಹೊಳೆಗೆ ಅಂಟಿಕೊಂಡ ಆ ಸಣ್ಣ ಊರಿನಲ್ಲಿ ಮೀನು ಹಿಡಿಯುವವರೆಲ್ಲ ತೇಲುವುದು ಗುಂಡನೆಯ ತೆಪ್ಪದಲ್ಲಿ. ಬಿದಿರಿನ ದಬ್ಬೆಗಳನ್ನು ದೊಡ್ಡ ಬುಟ್ಟಿಯ ಹಾಗೆ ಹೆಣೆದು, ಹೊರಗಿನಿಂದ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಹೊಲಿದು ಹೊದಿಸಿ, ಕರಗಿಸಿದ ಡಾಂಬರು ಬಳಿದರೆ ತೆಪ್ಪವಾಯಿತು. ಚೀಲ ಎರಡು ಪದರ ಇರಬೇಕು. ಒಳಪದರಕ್ಕೆ ಡಾಂಬರು, ಅದರ ಮೇಲೆ ಹೊರಪದರ, ಮತ್ತೆ ಡಾಂಬರು. ನಡುವಿನ ಡಾಂಬರು ಎರಡನ್ನೂ ಕಚ್ಚಿ ಹಿಡಿದರೆ ಮಾತ್ರ ನೀರು ಹೊರಗೆ ನಿಲ್ಲುತ್ತದೆ. ಚೀಲದ ಮೇಲೆ ಒಂದಿಷ್ಟು ಪಸೆ ಇದ್ದರೂ ಡಾಂಬರು ಕಚ್ಚುವುದಿಲ್ಲ. ಮೇಲೆ ನೋಡಲಿಕ್ಕೆ ಕಪ್ಪಗೆ ಮಿರಮಿರ ಮಿನುಗುತ್ತದೆ, ಒಳಗೆ ಬಿಟ್ಟುಕೊಂಡಿರುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಬಿಸಿಲು ಬಲಿತ ಮೇಲೆಯೇ ಬಳಿಯಬೇಕು. ಇದು ಶಿವನಂಜಮ್ಮನಿಗೆ ಗೊತ್ತಿತ್ತು. ಗೊತ್ತಿತ್ತು ಎನ್ನುವುದೇ ಆಮೇಲೆ ಅವಳನ್ನು ತಿಂದದ್ದು.

ಹಿಂದಿನ ದಿನ ಒಳಪದರ ಹೊಲಿದು ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು. ತೆಪ್ಪವನ್ನು ಅಂಗಳದಲ್ಲೇ ಬೋರಲು ಬಿಟ್ಟಿದ್ದಳು. ಬೆಳಗ್ಗೆ ನೋಡಿದರೆ ಚೀಲದ ಮೇಲೆಲ್ಲ ಇಬ್ಬನಿ, ಬೆವರೊಡೆದ ಬೆನ್ನಿನ ಹಾಗೆ. ಹನ್ನೆರಡು ಗಂಟೆಗೆ ತೆಪ್ಪ ಕೊಡುತ್ತೇನೆಂದು ನಿಂಗರಾಜು ಪುಟ್ಟಬಸಮ್ಮನಿಗೆ ಹೇಳಿಬಿಟ್ಟಿದ್ದ. ಹನ್ನೊಂದಕ್ಕೆ ಹೊನ್ನೂರಿನಿಂದ ನಾದಿನಿ ರೂಪ, ಅವಳ ಗಂಡನ ಕಡೆಯ ಏಳೆಂಟು ಮಂದಿ ಬರುವವರಿದ್ದರು. ಬಿಸಿಲು ಬಲಿಯುವ ಹೊತ್ತಿಗೆ ಅವಳು ಒಲೆಯ ಮುಂದೆ ಇರಲೇಬೇಕು. ಅವಳು ಹಳೇ ಟವೆಲ್ಲಿನಿಂದ ಒರೆಸಿದಳು. ಟವೆಲ್ ಒದ್ದೆಯಾದ ಮೇಲೆ ಸೆರಗಿನಲ್ಲಿ ಒರೆಸಿದಳು. ಕೈ ಆಡಿಸಿದರೆ ಇನ್ನೂ ತಣ್ಣಗಿತ್ತು. ಇಷ್ಟಕ್ಕೆ ಏನಾಗುತ್ತದೆ ಬಿಡು ಎಂದುಕೊಂಡು ಡಾಂಬರಿನ ಡಬ್ಬ ಒಲೆಯಿಂದ ಇಳಿಸಿದಳು. ಬಳಿಯುವಾಗ ಸಣ್ಣಗೆ ಚುಯ್ಯೆಂದಿತು. ಆ ಸದ್ದನ್ನು ಕೇಳಿಸಿಕೊಳ್ಳಲಿಲ್ಲ ಎಂದು ಅವಳು ಯಾರಿಗೂ ಹೇಳುವ ಹಾಗಿಲ್ಲ.

ಹನ್ನೆರಡಕ್ಕೆ ಪುಟ್ಟಬಸಮ್ಮ ಬರುವಷ್ಟರಲ್ಲಿ ಹೊರಪದರವನ್ನೂ ಹೊಲಿದು ಬಳಿದಾಗಿತ್ತು. ನಿಂಗರಾಜು ತೆಪ್ಪದ ಬೆನ್ನು ತಟ್ಟಿ, "ನೋಡ್ಕವ್ವ, ಎಮ್ಮೆ ಮೈ ಇದ್ದಂಗದೆ," ಎಂದ. ಅವಳು ತೆಪ್ಪವನ್ನು ಬೆನ್ನ ಮೇಲೆ ಹೇರಿಕೊಂಡು ಆಮೆಯಂತೆ ಹೊರಟಳು. ಅಡುಗೆಮನೆಯ ಕಿಟಕಿಯಿಂದ ಶಿವನಂಜಮ್ಮ ಅದನ್ನು ನೋಡಿದಳು. ಕೈಯಲ್ಲಿ ಮುದ್ದೆಯ ಕೋಲಿತ್ತು.

ಶಿವನಂಜಮ್ಮನ ತವರು ಹನೂರಿನ ಕಡೆ ಶಾಗ್ಯ. ಅಪ್ಪ ಮೊರ, ಮಂಕರಿ, ಕೋಳಿಬುಟ್ಟಿ ಹೆಣೆಯುತ್ತಿದ್ದ. ಏಳು ವರ್ಷದ ಹುಡುಗಿಯಾಗಿದ್ದಾಗಲೇ ಅವಳು ಬಿದಿರನ್ನು ಗಿಣ್ಣಿಗೆ ನೋವಾಗದ ಹಾಗೆ ಸೀಳುತ್ತಿದ್ದಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದಾಗ ಈ ಮನೆಯವರಿಗೆ ಸಿಕ್ಕಿದ್ದು ಸೊಸೆ ಮಾತ್ರವಲ್ಲ, ಇಪ್ಪತ್ತಾರು ವರ್ಷ ದಣಿಯದ ಎರಡು ಕೈ. ಅತ್ತೆ ರಂಗಮ್ಮ ಅವಳಿಗೆ ದಬ್ಬಳದಲ್ಲಿ ಚೀಲ ಹೊಲಿಯುವುದನ್ನೂ ಡಾಂಬರಿನ ಹದವನ್ನೂ ಕಲಿಸಿ, ತನ್ನ ಸೊಂಟ ಹಿಡಿದುಕೊಂಡು ಜಗಲಿಗೆ ಸರಿದಳು. ನಿಂಗರಾಜು ಸೋಮಾರಿಯೇನಲ್ಲ. ಬಿದಿರು ಕಡಿದು ತರುತ್ತಾನೆ, ತೆಪ್ಪದ ಬಾಯಿಗೆ ಅಂಚು ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ನಡುವಿನ ಹೆಣಿಗೆ, ಹೊಲಿಗೆ, ಡಾಂಬರು ಮೂರೂ ಅವಳದು. ಹೊಳೆಗೆ ಇಳಿದ ಮೇಲೆ ಅದು ನಿಂಗರಾಜನ ತೆಪ್ಪ. ಒಮ್ಮೆ ಯಾರೋ ಯೂಟ್ಯೂಬಿಗೆಂದು ಚಿತ್ರ ತೆಗೆಯಲು ಬಂದವರು, ಹೊಲಿಯುತ್ತಾ ಕೂತಿದ್ದ ಅವಳಿಗೆ, "ಅಮ್ಮಾ, ಸ್ವಲ್ಪ ಆಚೆ ಕೂತ್ಕೊಳ್ಳಿ, ಮೇಸ್ತ್ರಿ ಕಾಣ್ತಿಲ್ಲ," ಅಂದಿದ್ದರು. ಅವಳು ದಬ್ಬಳವನ್ನು ಹೊಲಿಗೆಯಲ್ಲೇ ಚುಚ್ಚಿಟ್ಟು, ಎದ್ದು ಹೋಗಿ ಅವರಿಗೆ ಟೀ ಮಾಡಿಕೊಟ್ಟಳು.

ಆ ಮನೆಯಲ್ಲಿ ಒಂದು ಕಟ್ಟಳೆಯೂ ಇತ್ತು. ಡಾಂಬರು ಬಳಿದ ಮೇಲೆ ಮನೆಯ ಹೆಂಗಸರು ತೆಪ್ಪದೊಳಗೆ ಕಾಲಿಡಬಾರದು. ಹಾಗಾಗಿ ನಲವತ್ತೈದು ತುಂಬಿದ ಶಿವನಂಜಮ್ಮ ತಾನೇ ಹೊಲಿದ ಒಂದು ತೆಪ್ಪದಲ್ಲೂ ಹೊಳೆಯ ಮೇಲೆ ಹೋದವಳಲ್ಲ. ಹುಟ್ಟು ಹಾಕುವುದನ್ನು ದಡದಲ್ಲಿ ನಿಂತು ನೋಡಿ ಗೊತ್ತು.

ಪುಟ್ಟಬಸಮ್ಮ ಹುಟ್ಟು ಹಿಡಿದದ್ದು ಗಂಡ ಕಾಮಾಲೆಯಲ್ಲಿ ಹೋದ ಮೇಲೆ. ಹೊಳೆಯ ಆ ಹರವಿನಲ್ಲಿ ಬಲೆ ಬಿಡುವುದಕ್ಕೆ ಮನೆಮನೆಗೂ ಪಾಳಿ ಇದೆ. ಅವನ ಪಾಳಿ ವಾರಕ್ಕೆ ಎರಡು ದಿನ. ಹೆಂಡತಿಯೇ ತೆಪ್ಪ ಇಳಿಸಿಕೊಂಡು ಬಂದಾಗ ದಡದ ಕಡವಿನಲ್ಲಿ ಸೇರುವ ಗಂಡಸರು ನಾಲ್ಕು ದಿನ ಆಡಿಕೊಂಡರು. ಎರಡು ವರ್ಷವಾದರೂ ಅವಳು ಬರುವುದು ನಿಲ್ಲಿಸದೆ ಇದ್ದದ್ದರಿಂದ ಸುಮ್ಮನಾದರು, ಒಪ್ಪಿದರು ಎನ್ನುವ ಹಾಗಿಲ್ಲ.

ತೆಪ್ಪ ಒಯ್ದ ನಾಲ್ಕನೆಯ ಬೆಳಗ್ಗೆ ಹೊಳೆಯ ಮೇಲೆ ಚಾಚಿದ ಕೈ ಕಾಣದಷ್ಟು ಮಂಜಿತ್ತು. ಪುಟ್ಟಬಸಮ್ಮ ಹಿಂದಿನ ಸಂಜೆ ಬಿಟ್ಟ ಬಲೆ ಎತ್ತಲು ಹೋದಳು. ನಡುಹೊಳೆಯಲ್ಲಿ ಪಾದ ತಣ್ಣಗಾಯಿತು. ಬಲೆಯಿಂದ ಸುರಿದ ನೀರೇನೋ ಎಂದು ಮಗ್ಗಿನಲ್ಲಿ ಎತ್ತಿ ಚೆಲ್ಲಿದಳು. ಚೆಲ್ಲಿದಷ್ಟೂ ಬಂತು. ಮೀನಖಂಡದವರೆಗೆ ಬಂತು. ದಡದ ಕಡೆ ಹುಟ್ಟು ಹಾಕುತ್ತಿದ್ದ ಹಾಗೆಯೇ ಕಾಲ ಕೆಳಗೆ ಹೊಲಿಗೆ ಬಾಯಿ ಬಿಟ್ಟು, ತೆಪ್ಪ ಒಂದು ಕಡೆಗೆ ವಾಲಿ ಮಗುಚಿಕೊಂಡಿತು. ಐಸು ಕರಗಿಸಿದಂತಹ ನೀರಿನಲ್ಲಿ, ತೆಪ್ಪದ ಅಂಚು ಹಿಡಿದುಕೊಂಡು, ಅವಳು ಕೂಗುತ್ತಲೇ ಇದ್ದಳು. ಮಂಜಿನಲ್ಲಿ ಯಾವ ಕಡೆಯಿಂದ ಕೂಗು ಬರುತ್ತಿದೆ ಎಂದು ತಿಳಿಯದೆ, ಕಡವಿನ ಹಿರಿಯ ಬಿಳಿಗಿರಿ ಅರ್ಧ ಗಂಟೆ ಹೊಳೆಯಲ್ಲಿ ಸುತ್ತಿದ. ಕೊನೆಗೆ ಜುಟ್ಟು ಹಿಡಿದು ಎಳೆದು ತನ್ನ ತೆಪ್ಪಕ್ಕೆ ಹಾಕಿಕೊಂಡಾಗ ಅವಳ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಲೆ ಹೋಯಿತು. ಜೀವ ಉಳಿಯಿತು.

ಮಾರನೆಯ ದಿನ ತೆಪ್ಪವನ್ನು ಇಬ್ಬರು ಹೊತ್ತು ತಂದು ನಿಂಗರಾಜುವಿನ ಅಂಗಳಕ್ಕೆ ಹಾಕಿ ಹೋದರು. ಅವರು ತಿರುವು ದಾಟಿದ ಮೇಲೆ ಶಿವನಂಜಮ್ಮ ಹತ್ತಿರ ಹೋದಳು. ಬಾಯಿ ಬಿಟ್ಟ ಹೊಲಿಗೆಯೊಳಗೆ ಹೆಬ್ಬೆರಳಿನಿಂದ ಒತ್ತಿದರೆ ಡಾಂಬರು ಕಾದ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಅಡಿಯ ಚೀಲ ಬೆಳ್ಳಗೆ, ಅಂಗಡಿಯಿಂದ ಈಗ ತಂದಂತೆ ಇತ್ತು.

ನಿಂಗರಾಜು ಹಿಂದೆ ನಿಂತಿದ್ದ.

"ಅಮ್ಮೀ, ಇದ್ನ ಯಾವಾಗ ಬಳ್ದೆ?"

"ಮಧ್ಯಾನ್ಕೆ ಕೊಟ್ಬುಡ್ತೀನಿ ಅಂದಿದ್ದು ನೀನೇ ಅಲ್ವಾ?"

"ನಾನ್ ಕೇಳಿದ್ದು ಯಾವಾಗ ಬಳ್ದೆ ಅಂತ."

"ಬೆಳ್ಕರಿಯಾಕ್ ಮುಂಚೆ. ನೆಂಟ್ರು ಬರೋರಿದ್ರಲ್ಲ."

"ಇಬ್ನಿ ಮ್ಯಾಲೆ?"

"ವರುಸ್ದೆ."

"ವರುಸುದ್ರೆ ಓಯ್ತದಾ ಅದು? ಇಪ್ಪತ್ತಾರ್ ವರ್ಸದಿಂದ ಬಳೀತಿದ್ದೀಯೆ, ಇಷ್ಟ್ ಗೊತ್ತಾಗ್ನಿಲ್ವಾ ನಿಂಗೆ?"

ಇಪ್ಪತ್ತಾರು ವರ್ಷದಿಂದ ಬಳಿಯುತ್ತಿದ್ದಾಳೆ ಎಂದು ಅವನ ಬಾಯಿಂದ ಬಂದದ್ದು ಅದೇ ಮೊದಲು. ಶಿವನಂಜಮ್ಮನಿಗೆ ಮುಖ ಎತ್ತಲಾಗಲಿಲ್ಲ.

ಅವನೂ ಪಕ್ಕದಲ್ಲಿ ಕೂತು ಬಿರಿದ ಹೊಲಿಗೆಯ ಮೇಲೆ ಕೈಯಾಡಿಸಿದ. ಆಮೇಲೆ ದನಿ ತಗ್ಗಿಸಿ, "ಬಿಸ್ಲು ಚೆನ್ನಾಗದೆ. ಮ್ಯಾಲಿಂದ ಇನ್ನೊಂದ್ ಚೀಲ ಹಾಕಿ ಬಳ್ದ್ಬುಡು. ಯಾರಾರಾ ಕೇಳುದ್ರೆ ಬಂಡೆಗೆ ತಗ್ಲಿ ಅರ್ದೋಯ್ತು ಅಂತ ನಾನ್ ಯೋಳ್ತೀನಿ," ಎಂದ.

ಬೇಡ ಎನ್ನಬಹುದಿತ್ತು. ಅವಳು ದಬ್ಬಳ ತಂದಳು. ಬಿರಿದ ಜಾಗದ ಮೇಲೆ ಒಳ್ಳೆ ಗಟ್ಟಿ ಚೀಲವಿಟ್ಟು, ಬಿಸಿಲಲ್ಲಿ ಎರಡು ಸಲ ಒಣಗಿಸಿ, ಒತ್ತೊತ್ತಾಗಿ ಹೊಲಿದು, ಹದವಾಗಿ ಡಾಂಬರು ಬಳಿದಳು. ಅಷ್ಟು ಚೆನ್ನಾದ ತೇಪೆಯನ್ನು ಅವಳು ಜನ್ಮದಲ್ಲಿ ಹಾಕಿರಲಿಲ್ಲ. ತಪ್ಪು ಮಾಡುವಾಗ ಇಲ್ಲದ ಬಿಡುವು ತಪ್ಪು ಮುಚ್ಚುವಾಗ ಎಲ್ಲಿಂದಲೋ ಸಿಕ್ಕಿತ್ತು. ಆ ಮಧ್ಯಾಹ್ನದ ಊಟಕ್ಕೆ ಹೊತ್ತಾದರೂ ಮನೆಯಲ್ಲಿ ಒಬ್ಬರೂ ಏಕೆಂದು ಕೇಳಲಿಲ್ಲ.

ಆ ಸಂಜೆ ಮೆಣಸು ಹಾಕಿದ ಹುರುಳಿಸಾರು ತಂಬಿಗೆಯಲ್ಲಿ ತೆಗೆದುಕೊಂಡು ಪುಟ್ಟಬಸಮ್ಮನನ್ನು ನೋಡಲು ಹೋದಳು. ಹೇಳಿಬಿಡೋಣ ಎಂದುಕೊಂಡೇ ಹೋದದ್ದು. ಪುಟ್ಟಬಸಮ್ಮ ಎರಡು ಕಂಬಳಿಯೊಳಗೆ ಮುದುಡಿಕೊಂಡಿದ್ದಳು. ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿತ್ತು.

"ಬಾ ಕಣಕ್ಕ. ನಿಮ್ಮನೆ ತೆಪ್ಪಾನ ಆಳ್ ಮಾಡಾಕ್ಬುಟ್ಟೆ ನೋಡು," ಎಂದಳು.

"ತೆಪ್ಪದ್ ಮಾತ್ ಬುಡು. ನೀನ್ ಎಂಗಿದ್ದೀಯೆ?"

"ನನ್ಗೇನು, ಗಟ್ಟಿ ಪಿಂಡ. ಆದ್ರೂ ಅಕ್ಕ, ಮನ್ಗಿದ್ರೂ ಅದೇ ಯೋಚ್ನೆ. ಬಲೆ ಎಳ್ಯಾಗ ಕಾಲ್ನ ಜೋರಾಗ್ ಊರ್ದ್ನೇನೋ. ನನ್ ಗಂಡ ಯೋಳೋನು, ಅಂಗಾಲ್ ಅಗುರ್ವಾಗಿಡು, ತೆಪ್ಪ ಅಂದ್ರೆ ಬುಟ್ಟಿ ಕಣೆ ಅಂತ. ನಂದೇ ತಪ್ಪು."

"ಅಂಗಂತ ಯಾಕ್ ಅಂದ್ಕತೀಯೆ?"

"ಮತ್ತಿನ್ನೇನು? ನಿಂಗರಾಜಣ್ಣ ಮಾಡಿದ್ ತೆಪ್ಪದಲ್ಲಿ ದೋಸ ಇದ್ದದಾ?"

ಶಿವನಂಜಮ್ಮನ ಬಾಯಿ ತೆರೆಯಿತು. "ಸಾರು ಆರೋಯ್ತದೆ, ಕುಡ್ಕೊ," ಎಂದಳು. ಪುಟ್ಟಬಸಮ್ಮ ಕುಡಿದು, ತಂಬಿಗೆಯನ್ನು ತೊಳೆಯಲು ಏಳಹೋದಳು. ಅದನ್ನು ಅವಳ ಕೈಯಿಂದ ಕಿತ್ತುಕೊಳ್ಳುವಾಗ, ಈ ಜೀವವನ್ನು ತಾನು ಹೊಳೆಗೆ ತಳ್ಳಿದ್ದು ಒಂದು ಸಲ, ಇಲ್ಲಿ ಕೂತು ತಳ್ಳುತ್ತಿರುವುದು ಇನ್ನೊಂದು ಸಲ ಅನ್ನಿಸಿ ಅವಳ ಕಿವಿ ಬಿಸಿಯಾಯಿತು.

ಎರಡು ದಿನ ಬಿಟ್ಟು ಉಪ್ಪು ತರಲು ಅಂಗಡಿಗೆ ಹೋದಾಗ ಬಿಳಿಗಿರಿ ಅಲ್ಲಿ ಬೀಡಿ ಸೇದುತ್ತಾ ಕೂತಿದ್ದ. ಸುತ್ತ ಕಡವಿನ ಮೂರ್ನಾಲ್ಕು ಮಂದಿ.

"ಏನ್ ಶಿವನಂಜವ್ವ, ನಿನ್ ಗಂಡನ್ ತೆಪ್ಪಾನೇ ಮುಳುಗುಸ್ಬುಟ್ಳಲ್ಲ ಆ ಮಹಾತಾಯಿ!"

"ಸೌಟು ಅಂದ್ಕಂಡ್ ಹುಟ್ ತಿರುವವ್ಳೆ ಕಣಣ್ಣ," ಎಂದ ಇನ್ನೊಬ್ಬ. "ಹೊಳೆ ಏನ್ ಸಾರಿನ್ ಗಡ್ಗೆನಾ?"

ಎಲ್ಲರೂ ನಕ್ಕರು. ಶಿವನಂಜಮ್ಮನೂ ನಕ್ಕಳು. ಗಂಡಸರು ನಕ್ಕಾಗ ತುಟಿ ತಾನಾಗಿ ಅಗಲವಾಗುವ ಅಭ್ಯಾಸ ಅದು, ಮನಸ್ಸನ್ನು ಕೇಳುವುದಿಲ್ಲ. ನಕ್ಕ ಮೇಲೆ ಮುಖದ ಮೇಲಿದ್ದ ಆ ನಗುವನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಬಿಳಿಗಿರಿ ನಗು ನಿಲ್ಲಿಸಿ, "ಆಟ ಅಲ್ಲ ಕಣ್ರಲಾ. ನಾನೇ ಎಳ್ದಾಕ್ದೋನು. ಇನ್ನೊಂದ್ ಗಳ್ಗೆ ಆಗಿದ್ರೆ ಎಣ ಎತ್ಬೇಕಾಗಿತ್ತು. ಸೋಮಾರ ಬೆಳಿಗ್ಗೆ ಎಲ್ಲಾರೂ ಕಡವ್ತಾವ್ ಸೇರಿ, ಅವ್ಳ ಪಾಳೀನ ಬ್ಯಾರೆಯೋರ್ಗೆ ಕೊಟ್ಬುಡಮ. ಇನ್ಮ್ಯಾಕೆ ಎಂಗಸ್ರು ತೆಪ್ಪ ಇಳ್ಸೋದ್ ಬ್ಯಾಡ," ಎಂದ. ಅವನ ಮಾತಿನಲ್ಲಿ ಕೇಡಿರಲಿಲ್ಲ. ಕೊರೆಯುವ ಮಂಜಿನಲ್ಲಿ ಅವಳಿಗಾಗಿ ಹೊಳೆ ಸುತ್ತಿದವನು ಅವನು. ಅದಕ್ಕೇ ಆ ಮಾತಿಗೆ ಎದುರು ಹೇಳುವವರು ಇರಲಿಲ್ಲ.

ಮನೆಗೆ ಬಂದವಳು ಉಪ್ಪನ್ನು ಜಗಲಿಯ ಮೇಲೇ ಇಟ್ಟು ಕೂತುಬಿಟ್ಟಳು. ರಂಗಮ್ಮ ಅವರೆಕಾಯಿ ಸುಲಿಯುತ್ತಿದ್ದವಳು ಸೊಸೆಯ ಮುಖ ನೋಡಿದಳು. ಅವಳಿಗೆ ಎಲ್ಲವೂ ಗೊತ್ತಿತ್ತು. ಅಂಗಳದಲ್ಲಿ ನಡೆದದ್ದು ಜಗಲಿಗೆ ಕಾಣದೆ ಇರುತ್ತದೆಯೆ?

"ಬಾಯ್ ಬುಟ್ಟೀಯ, ಉಸಾರು," ಎಂದಳು ರಂಗಮ್ಮ.

"ಪಾಳಿ ಕಿತ್ಕತಾರಂತೆ ಅತ್ತೆ."

"ಕಿತ್ಕಳ್ಳಿ. ಕೂಲಿಗ್ ಓಯ್ತಾಳೆ. ನಾನೂ ಮೂವತ್ ವರ್ಸ ಬಳ್ದಿವ್ನಿ. ನನ್ ಎಸ್ರ ಯಾರಾದ್ರೂ ಎತ್ತವ್ರಾ? ಎಸ್ರೆಲ್ಲಾ ಅವರ್ದು. ಬೈಗ್ಳಾನೂ ಅವರ್ಗೇ ಓಗ್ಲಿ ಬುಡು, ನಿಂಗ್ಯಾಕೆ?"

ಅತ್ತೆ ಇಷ್ಟು ಸರಿಯಾದ ಮಾತನ್ನು ಹಿಂದೆಂದೂ ಆಡಿರಲಿಲ್ಲ. ಶಿವನಂಜಮ್ಮನಿಗೆ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು. ಆದರೂ ಅವಳೆಂದಳು, "ಅವರ್ಗೆ ಓಗ್ನಿಲ್ವಲ್ಲ ಅತ್ತೆ. ಪುಟ್ಟಬಸಮ್ಮನ್ಗೆ ಓಯ್ತು."

ರಂಗಮ್ಮ ಅವರೆಕಾಯಿಯನ್ನು ಇನ್ನೂ ಜೋರಾಗಿ ಸುಲಿದಳು.

ಸೋಮವಾರ ಬೆಳಗ್ಗೆ ನಿಂಗರಾಜು ಒಗೆದ ಅಂಗಿ ಹಾಕಿಕೊಂಡು ಕಡವಿಗೆ ಹೊರಟ. ಹೊಸಿಲ ಹತ್ತಿರ ನಿಂತು, "ನೀನ್ ಆ ಕಡೆ ಬರ್ಬ್ಯಾಡ," ಎಂದ. ಗದರಿಸಿದ ದನಿಯಲ್ಲ, ಬೇಡಿಕೊಂಡ ದನಿ. "ಇಷ್ಟ್ ವರ್ಸಕ್ಕೆ ನಂದು ಅಂತ ಇರೋದು ಅದೊಂದೇ ಎಸ್ರು ಕಣಮ್ಮೀ."

ಅವಳು ತಲೆ ಆಡಿಸಿದಳು. ಅವನು ಹೋದ.

ಅಂಗಳದಲ್ಲಿ ತೆಪ್ಪ ಬೋರಲು ಬಿದ್ದಿತ್ತು. ಅವಳು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಬರಿ ಬಾಯಲ್ಲಿ ಹೋಗಿ ಹೇಳಿದರೆ ಯಾರು ನಂಬುತ್ತಾರೆ? ಪುಟ್ಟಬಸಮ್ಮನ ಮೇಲಿನ ಮರುಕಕ್ಕೆ ಹೇಳುತ್ತಿದ್ದಾಳೆ ಎನ್ನುತ್ತಾರೆ. ನೀನೆಲ್ಲಿ ತೆಪ್ಪ ಮಾಡಿದೆ, ಹೋಗಿ ಮುದ್ದೆ ಮಾಡು ಎನ್ನುತ್ತಾರೆ. ಸಾಕ್ಷಿ ಇದ್ದದ್ದು ಒಂದೇ, ಈ ತೇಪೆಯ ಅಡಿಯಲ್ಲಿ. ಅದನ್ನು ಅಲ್ಲಿ ಹೊಲಿದು ಹುಗಿದವಳು ಅವಳೇ. ತೇಪೆ ಕತ್ತರಿಸಿದರೆ ಕೆಳಗೆ ಆ ಕಚ್ಚದ ಡಾಂಬರು, ಬೆಳ್ಳನೆಯ ಚೀಲ, ಹಾಗೆಯೇ ಸಿಕ್ಕುತ್ತದೆ. ಕಡವಿನವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಇದು ಹುಟ್ಟು ಹಾಕಿದವಳ ಕೆಲಸವಲ್ಲ ಎಂದು.

ಆಮೇಲೆ ಅವರು ಏನೆನ್ನುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು. ಹೆಂಗಸು ಡಾಂಬರು ಬಳಿದರೆ ಇನ್ನೇನಾಗುತ್ತದೆ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಸೋರದೆ ತೇಲಿದ ತೆಪ್ಪಗಳಲ್ಲಿ ಯಾರಿಗೂ ಕಾಣದಿದ್ದ ಅವಳ ಕೈ, ಸೋರಿದ ಈ ಒಂದರಲ್ಲಿ ಊರಿಗೆಲ್ಲ ಕಾಣುತ್ತದೆ. ಅವಳ ಹೆಸರು ಮೊದಲ ಸಲ ಕಡವಿನಲ್ಲಿ ಕೇಳಿಸುವುದು ಒಬ್ಬಳನ್ನು ಮುಳುಗಿಸಿದವಳು ಎಂದು. ನಿಂಗರಾಜು ಆ ಗುಂಪಿನ ನಡುವೆ ಒಗೆದ ಅಂಗಿಯಲ್ಲಿ ನಿಂತಿರುತ್ತಾನೆ. ಅವನ ಮುಖವನ್ನು ಅವಳು ಸಂಜೆ ಅದೇ ಮನೆಯಲ್ಲಿ ನೋಡಬೇಕು, ನಾಳೆಯೂ ನೋಡಬೇಕು. ಪುಟ್ಟಬಸಮ್ಮನೇ ಇನ್ನು ಮುಂದೆ ಇವಳ ಕೈಯ ಸಾರು ಕುಡಿಯದೆ ಇರಬಹುದು.

ಹಾಗೆಲ್ಲ ಎಣಿಸುತ್ತಾ ಕೂತರೆ ಅಲ್ಲಿ ಪಾಳಿ ಹಂಚಿ ಮುಗಿಯುತ್ತದೆ.

ಅವಳು ಎದ್ದು ಮಚ್ಚು ತಂದಳು. ತೇಪೆಯ ಒಂದು ಮಗ್ಗುಲಲ್ಲಿ ಮೊನೆ ಇಳಿಸಿದಾಗ ತೆಪ್ಪ ಹರಿಯುವ ಸೀರೆಯಂತೆ ಪರ್ರೆಂದಿತು. ದಬ್ಬೆಗಳಿಗೆ ಏಟು ಬೀಳದ ಹಾಗೆ, ಚೀಲವನ್ನಷ್ಟೇ, ಮೊರದಗಲ ಸುತ್ತಲೂ ಕೊಯ್ದಳು. ಮೂರು ಪದರ ಒಟ್ಟಿಗೆ ಕೈಗೆ ಬಂತು. ಒಂದು ಮೂಲೆಯನ್ನು ಬಿಡಿಸಿ ನೋಡಿದಳು. ಅಲ್ಲೇ ಇತ್ತು.

"ಏನಮ್ಮೀ ಅದು ಸದ್ದು?" ಒಳಗಿನಿಂದ ರಂಗಮ್ಮ ಕೂಗಿದಳು. ಕೋಲೂರಿಕೊಂಡು ಜಗಲಿಗೆ ಬಂದು, ಕೊಯ್ದ ತೆಪ್ಪವನ್ನು ನೋಡಿದಳು, ಸೊಸೆಯ ಕೈಯಲ್ಲಿದ್ದುದನ್ನು ನೋಡಿದಳು. "ಅಯ್ಯೋ, ಬ್ಯಾಡ ಕಣೆ... ನನ್ ಮಾತ್ ಕೇಳು. ಅವ್ನು ಮೊಕ ಎತ್ಕಂಡ್ ಎಲ್ಗ್ ಓಗ್ಬೇಕು?"

ಶಿವನಂಜಮ್ಮ ಮಚ್ಚನ್ನು ಜಗಲಿಯ ಮೇಲಿಟ್ಟಳು. ನಾಚಿಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಕೊಯ್ದ ತುಂಡನ್ನು, ಕಚ್ಚದ ಮಗ್ಗುಲು ಹೊರಗೆ ಕಾಣುವ ಹಾಗೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಅವಳು ಹೊಳೆಯ ದಾರಿಗೆ ಇಳಿದಳು.